ನೋಟಕ್ಕೆ ನೂರು ಮಂದಿ, ನೂಲಿಗೆ ಯಾರು?

ಓಣಂ ಸಂತೆಯಿರಲಿ, ಪಂಚಾಯತು ಏರ್ಪಡಿಸುವ ಕೃಷಿ ಸಂತೆಯಿರಲಿ, ಮೂಲೆಯಲ್ಲಿ ಒಂದು ಪೆಟ್ಟಿಗೆ ಚರಕ ತಿರುಗತೊಡಗಿದರೆ ಸಾಕು, ಜನ ಮುತ್ತಿಕೊಳ್ಳುತ್ತಾರೆ. ಬಸಳೆ, ಗೆಣಸಿನ ಚೀಲ ಹಿಡಿದೇ ನಿಂತು ನೋಡುತ್ತಾರೆ, ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ. ಪಕ್ಕದಲ್ಲಿಟ್ಟ ನೂಲಿನ ಬೆಲೆ ಹೇಳಿದೊಡನೆ ಮಾತ್ರ ಗುಂಪು ಕರಗುತ್ತದೆ. ಸಂಜೆಗೆ ತರಕಾರಿಯವನ ಬುಟ್ಟಿ ಖಾಲಿ. ನೂಲುವಾಕೆಯ ಪಾಲಿಗೆ ಬರಿಯ ಹೊಗಳಿಕೆ.

ಬೆಲೆ ಹೆಚ್ಚಾಯಿತೆನ್ನುವವರು ಸ್ವಲ್ಪ ಲೆಕ್ಕ ಹಾಕಬೇಕು. 1000 ಮೀಟರ್ ನೂಲಿಗೆ ಒಂದು ಲಡಿ. 40ನೇ ನಂಬರಿನ ನೂಲಾದರೆ ಲಡಿಯ ತೂಕ 25 ಗ್ರಾಂ. 250 ಗ್ರಾಂ ತೂಗುವ ಅಂಗಿಗೆ ಹತ್ತು ಲಡಿ, ಅಂದರೆ ಹತ್ತು ಕಿಲೋಮೀಟರ್ ನೂಲು ಬೇಕು. ಪೆಟ್ಟಿಗೆ ಚರಕದಲ್ಲಿ ಪಳಗಿದ ಕೈ ಗಂಟೆಗೆ 300 ಮೀಟರಿನ ಆಸುಪಾಸು ನೂತರೂ ಅದು ಮೂವತ್ತು ಗಂಟೆಗೂ ಮಿಕ್ಕಿದ ದುಡಿಮೆ. ಖಾದಿ ಆಯೋಗವು 2025ರ ಏಪ್ರಿಲಿನಿಂದ ಲಡಿಯೊಂದಕ್ಕೆ ಗೊತ್ತುಪಡಿಸಿದ ಕೂಲಿ 15 ರೂಪಾಯಿ. ಹಲವು ಕದಿರುಗಳ ಚರಕದಲ್ಲಿ ದಿನವಿಡೀ ನೂಲುವವರಿಗೆ ಅದು ಹೇಗೋ ಹೊಂದೀತು. ಸಂತೆಯಲ್ಲಿ ಒಂದೇ ಕದಿರಿನ ಮುಂದೆ ಕುಳಿತು, ಬಂದವರಿಗೆಲ್ಲ ವಿವರಿಸುತ್ತ ನೂಲುವಾಕೆಗೆ ಮಧ್ಯಾಹ್ನದ ಊಟಕ್ಕೂ ಸಾಲದು.

ಕೈಮಗ್ಗವೂ ಖಾದಿಯೂ ಒಂದೇ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಹೆಸರುವಾಸಿಯಾದ ಕಾಸರಗೋಡು ಸೀರೆ ಕೈಮಗ್ಗದ್ದು, ಅದರ ನೂಲು ಗಿರಣಿಯದು. ನೂಲೂ ಕೈಯದೇ ಆದರೆ ಮಾತ್ರ ಖಾದಿ. ಅಲ್ಲದೆ 2013ರ ಖಾದಿ ಮಾರ್ಕ್ ನಿಯಮದಂತೆ ಆ ಗುರುತಿಲ್ಲದೆ ಬಟ್ಟೆಯನ್ನು ಖಾದಿಯೆಂದು ಮಾರುವಂತಿಲ್ಲ. ಹಾಗಾಗಿ ಮನೆಯಲ್ಲಿ ಒಂಟಿಯಾಗಿ ನೂಲುವವರು ಬಟ್ಟೆಯ ಆಸೆ ಬಿಟ್ಟು ನೂಲನ್ನೇ ಮಾರುವುದು ಲೇಸು. ಅದಕ್ಕೆ ಗಿರಾಕಿಗಳಿಲ್ಲವೆಂದಲ್ಲ. ಜನಿವಾರಕ್ಕೆ ಕೈನೂಲೇ ಆಗಬೇಕೆನ್ನುವ ಮನೆಗಳು ಇಲ್ಲಿ ಇನ್ನೂ ಇವೆ. ದೀಪದ ಬತ್ತಿ ಬೇಡದ ದೇವಸ್ಥಾನವಿಲ್ಲ. ಇವೆರಡನ್ನೂ ಪೇಟೆಯ ಅಂಗಡಿಯಿಂದ ಪ್ಲಾಸ್ಟಿಕ್ ಪೊಟ್ಟಣದಲ್ಲಿ ತರುವ ನಾವು ಸಂತೆಯಲ್ಲಿ ಚರಕದೆದುರು ಕೈಕಟ್ಟಿ ನಿಲ್ಲುವುದು ವಿಚಿತ್ರವೆನ್ನದೆ ವಿಧಿಯಿಲ್ಲ.

ಇನ್ನೊಂದು ಸರಕು ತಕಲಿ. 1937ರ ವಾರ್ಧಾ ಸಮ್ಮೇಳನದ ತರುವಾಯ ಮೂಲ ಶಿಕ್ಷಣದ ಹೆಸರಿನಲ್ಲಿ ಅದು ತರಗತಿಯನ್ನು ಹೊಕ್ಕಿತ್ತು. ಇಂದಿನ ಮಕ್ಕಳಿಗೆ ಪಾಠಪುಸ್ತಕದ ಚಿತ್ರ ಮಾತ್ರ. ಒಂದು ತಕಲಿ, ಒಂದು ಹಿಡಿ ಹಂಜಿ ಜೋಡಿಸಿ ಮಾರಿದರೆ, ಹತ್ತು ನಿಮಿಷ ಕೈಹಿಡಿದು ಕಲಿಸಿದರೆ, ನೋಡಲು ಬಂದ ಮಗು ಕೊಂಡೇ ಹೋದೀತು. ವಿವರಿಸಲು ಭಾಷೆಯ ತೊಡಕೂ ಇಲ್ಲ: ಕನ್ನಡಕ್ಕೂ ತುಳುವಿಗೂ ನೂಲು ನೂಲೇ, ಮಲೆಯಾಳಕ್ಕೆ ಉಕಾರ ಬಿಟ್ಟರಾಯಿತು.

ಹತ್ತಿ ಬೆಳೆಯದ ಮಳೆನಾಡು ನಮ್ಮದು. ಹಂಜಿಯ ಕೇಂದ್ರಗಳು ಇರುವುದು ಚಿತ್ರದುರ್ಗದಲ್ಲಿ, ತೃಶೂರಿನ ಕುಟ್ಟೂರಿನಲ್ಲಿ. ಒಬ್ಬೊಬ್ಬರೇ ಅಲ್ಲಿಂದ ತರಿಸುವುದು ಆಗುಹೋಗುವ ಮಾತಲ್ಲ. ಕುಟುಂಬಶ್ರೀ ಘಟಕಗಳು ಒಟ್ಟಾಗಿ ತರಿಸಬಹುದು.

ಪಂಚಾಯತು ಅಧಿಕೃತರಲ್ಲಿ ನಮ್ಮ ಬೇಡಿಕೆ ದೊಡ್ಡದಲ್ಲ. ಸಂತೆಗೆ ಕಳೆ ಬರಲೆಂದು ನೂಲುವವರನ್ನು ಕರೆಸುವುದಾದರೆ ಅವರಿಂದ ಜಾಗದ ಶುಲ್ಕ ಕೇಳಬಾರದು. ಚೆಂಡೆಯವರಿಗೆ, ಧ್ವನಿವರ್ಧಕದವರಿಗೆ ಸಂಭಾವನೆಯಿದ್ದಂತೆ ನೂತು ತೋರಿಸುವವರಿಗೂ ಒಂದು ದಿನದ ಕೂಲಿಯನ್ನು ಸಂತೆಯ ಖರ್ಚಿನಲ್ಲೇ ಸೇರಿಸಬೇಕು. ಮುಂದಿನ ಓಣಂ ಸಂತೆಯ ಪೂರ್ವಭಾವಿ ಸಭೆಯಲ್ಲಿ, ಚಪ್ಪರದವನಿಗೆ ಮುಂಗಡ ಕೊಡುವ ಮೊದಲೇ ಇದು ನಿರ್ಣಯವಾಗಲಿ.