ತಾಯಿಗೆ ಕೊಟ್ಟ ಇಂಜೆಕ್ಷನ್ ಮಗುವಿಗೆ ತಲುಪುತ್ತದೆಯೇ?

ಗರ್ಭಿಣಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡು ಡಾಕ್ಟರು ಇನ್ಸುಲಿನ್ ಬರೆದುಕೊಟ್ಟರೆ ಸಾಕು, ಮನೆಯಲ್ಲಿ ಒಬ್ಬರಲ್ಲ ಒಬ್ಬರು, "ಬೇಡ ಕಣಮ್ಮ, ಹೊಟ್ಟೇಲಿರೋ ಮಗೂಗೆ ಏನಾದ್ರೂ ಆದೀತು" ಅನ್ನುತ್ತಾರೆ. ಸೋದರಿಯರೇ, ಈ ಭಯ ಸಹಜವೇ. ಆದರೆ ಒಳಗೆ ನಡೆಯುವುದೇನು ಅಂತ ಸ್ವಲ್ಪ ತಿಳಿದುಕೊಂಡರೆ ಧೈರ್ಯ ಬರುತ್ತದೆ.

ತಾಯಿಯ ರಕ್ತ ಮಗುವಿನ ರಕ್ತದೊಡನೆ ನೇರವಾಗಿ ಬೆರೆಯುವುದಿಲ್ಲ. ನಡುವೆ ಮಾಸಿನ ತೆಳುವಾದ ಪೊರೆಯಿದೆ. ರಾಗಿಹಿಟ್ಟು ಜರಡಿ ಹಿಡಿಯುವಾಗ ನುಣ್ಣನೆಯದು ಕೆಳಗಿಳಿದು ತರಿ ಮೇಲೆಯೇ ಉಳಿಯುತ್ತದಲ್ಲವೇ? ಇಲ್ಲಿಯೂ ಹೆಚ್ಚುಕಡಿಮೆ ಹಾಗೆಯೇ. ಸಣ್ಣ ಅಣುಗಳು ತಾವು ಹೆಚ್ಚಾಗಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ದಾಟುತ್ತವೆ, ದೊಡ್ಡವು ನಿಂತುಬಿಡುತ್ತವೆ. ಅಣುತೂಕ ಸುಮಾರು 500ರೊಳಗಿದ್ದರೆ ದಾಟುವುದು ಸಲೀಸು. 1000 ಮೀರಿದರೆ ಬಲು ಕಷ್ಟ.

ಈಗ ಲೆಕ್ಕ ನೋಡಿ. ರಕ್ತದಲ್ಲಿರುವ ಸಕ್ಕರೆಯಾದ ಗ್ಲೂಕೋಸಿನ ಅಣುತೂಕ 180. ಅದನ್ನು ಕೈಹಿಡಿದು ದಾಟಿಸುವ ವಾಹಕಗಳೂ ಪೊರೆಯಲ್ಲಿವೆ. ಇನ್ಸುಲಿನ್ನಿನದೋ ಸುಮಾರು 5800! ಹೀಗಾಗಿ ತಾಯಿಯ ರಕ್ತದಲ್ಲಿ ಏರಿದ ಸಕ್ಕರೆ ಮಗುವಿಗೆ ಹೋಗುತ್ತದೆ, ಇನ್ಸುಲಿನ್ ಹೋಗುವುದಿಲ್ಲ. ಬಂದ ಸಕ್ಕರೆಯನ್ನು ಅರಗಿಸಲು ಮಗು ತಾನೇ ಹೆಚ್ಚು ಇನ್ಸುಲಿನ್ ತಯಾರಿಸಿಕೊಳ್ಳುತ್ತದೆ. ಮೈ ಬೆಳೆದು ಹೆರಿಗೆ ಕಷ್ಟವಾಗಬಹುದು. ಹುಟ್ಟಿದ ಮೇಲೆ ತಾಯಿಯಿಂದ ಬರುತ್ತಿದ್ದ ಸಕ್ಕರೆ ತಟ್ಟನೆ ನಿಲ್ಲುತ್ತದೆ, ಇನ್ಸುಲಿನ್ ಮಾತ್ರ ಉಳಿದಿರುತ್ತದೆ. ಆಗ ಕೂಸಿನ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅಂದರೆ ಹೆದರಬೇಕಾದದ್ದು ಹತೋಟಿ ತಪ್ಪಿದ ಸಕ್ಕರೆಗೆ, ಇಂಜೆಕ್ಷನ್ನಿಗಲ್ಲ.

ಹಾಗಂತ ಎಲ್ಲ ಔಷಧಿಗಳನ್ನೂ ಪೊರೆ ತಡೆಯುತ್ತದೆಂದು ನೆಚ್ಚಬೇಡಿ. ಮದ್ಯಸಾರದ ಅಣುತೂಕ 46, ನಿಕೋಟಿನ್ನಿನದು 162. ಎರಡೂ ಸರಾಗವಾಗಿ ದಾಟುತ್ತವೆ. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥ್ಯಾಲಿಡೊಮೈಡ್ ಮಾತ್ರೆಯದು 258. 1961ರಲ್ಲಿ ಅದನ್ನು ಹಿಂದೆಗೆದುಕೊಳ್ಳುವಷ್ಟರಲ್ಲಿ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲು ಊನವಾಗಿ ಹುಟ್ಟಿದ್ದರು. ಮಾತ್ರೆಗಳಲ್ಲಿ ಹೆಚ್ಚಿನವು ಇಂಥ ಸಣ್ಣ ಅಣುಗಳೇ.

ಗಾತ್ರವೊಂದೇ ಎಲ್ಲವೂ ಅಲ್ಲ. ಸುಮಾರು 1,50,000 ತೂಕದ ರೋಗನಿರೋಧಕ ಪ್ರೋಟೀನುಗಳನ್ನು ಮಾಸು ತಾನಾಗಿಯೇ ಹೊತ್ತು ಮಗುವಿಗೆ ಮುಟ್ಟಿಸುತ್ತದೆ. ತಾಯಿ ಕೊಡುವ ಮೊದಲ ರಕ್ಷೆ ಅದು!

ಆದ್ದರಿಂದ ಬಸುರಿಯರು ತಲೆನೋವಿಗೇ ಆಗಲಿ, ಡಾಕ್ಟರನ್ನು ಕೇಳದೆ ಅಂಗಡಿಯ ಮಾತ್ರೆ ನುಂಗಬೇಡಿ. ಇನ್ಸುಲಿನ್ ಬರೆದುಕೊಟ್ಟಿದ್ದರೆ ಯಾರದೋ ಮಾತು ಕೇಳಿ ನಿಲ್ಲಿಸಲೂ ಬೇಡಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಬೆವರಿ ಕೈ ನಡುಗಿದರೆ ಸಕ್ಕರೆ ಇಳಿದಿರಬಹುದು. ಕೂಡಲೇ ಒಂದು ಲೋಟ ಸಕ್ಕರೆ ನೀರು ಕುಡಿದು ಡಾಕ್ಟರಿಗೆ ತಿಳಿಸಿ.