ಹೇಮಾವತಿಯ ದಾರಿ ಯಾರಿಗೆ ದೂರ?

ಕಡ್ಲೆಕಾಯಿ ಕಿತ್ತು ನಾಲ್ಕು ಕಾಸು ಕೈಗೆ ಬಂತೆಂದರೆ ನಮ್ಮ ಮಡಕಶಿರಾ ಸೀಮೆಯಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ತಿರುಪತಿ, ಧರ್ಮಸ್ಥಳ, ಶ್ರೀಶೈಲ ಮೊದಲಿನಿಂದಲೂ ಇದ್ದವು. ಈಗ ಕಾಶಿ, ಕೇದಾರ ದಾಟಿ ನೇಪಾಳ, ಸಿಂಗಪುರದವರೆಗೂ ಹೋಗಿಬಂದವರಿದ್ದಾರೆ. ಬಹಳ ಸಂತೋಷ. ದೇಶ ಸುತ್ತಬೇಕು, ಕೋಶ ಓದಬೇಕು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ಇವರನ್ನೇ "ಹೇಮಾವತಿ ನೋಡಿದ್ದೀರಾ?" ಎಂದು ಕೇಳಿ. ಕನ್ನಡದವರು "ಅಲ್ಲೇನಿದೆ ಬಿಡಿ" ಅಂತಾರೆ, ತೆಲುಗಿನವರು "ಅಕ್ಕಡೇಮುಂದಿ?" ಅಂತಾರೆ. ಹಿತ್ತಲ ಗಿಡ ಮದ್ದಲ್ಲ ಅನ್ನೋದು ನಮ್ಮ ಗಾದೆ. ಪೊರುಗಿಂಟಿ ಪುಲ್ಲಕೂರ ರುಚಿ, ಅಂದರೆ ಪಕ್ಕದ ಮನೆಯ ಹುಳಿಸಾರೇ ರುಚಿ ಅನ್ನೋದು ತೆಲುಗರ ಗಾದೆ. ಈ ವಿಷಯದಲ್ಲಿ ಇಬ್ಬರೂ ಒಂದೇ.

ಅಲ್ಲೇನಿದೆ ಅಂದರೆ, ನೊಳಂಬರ ರಾಜಧಾನಿ ಇದೆ. ಹೇಮಾವತಿಯ ಹಳೆಯ ಹೆಸರು ಹೆಂಜೇರು. ಎಂಟರಿಂದ ಹತ್ತನೆಯ ಶತಮಾನದವರೆಗೆ ನೊಳಂಬವಾಡಿ ಮೂವತ್ತೆರಡು ಸಾವಿರವನ್ನು ಆಳಿದ ಮನೆತನ ಅವರದು. ಆ ವಂಶದ ಅರಸರ ಹೆಸರು ಒಂದರ ಹಿಂದೊಂದು ನಮಗೆ ಸಿಕ್ಕಿದ್ದು ಇದೇ ಊರಿನ ಕಂಬದ ಶಾಸನದಿಂದ. ದೊಡ್ಡೇಶ್ವರನ ಗುಡಿಯ ಕರಿಕಲ್ಲಿನ ಜಾಲಂಧ್ರಗಳನ್ನು ನೋಡಿ, ಕಲ್ಲನ್ನು ಇಷ್ಟು ಮೆತ್ತಗೆ ಮಾಡಿದವರು ಯಾರಪ್ಪಾ ಅನ್ನಿಸುತ್ತದೆ. ಸಿದ್ಧೇಶ್ವರನ ಗುಡಿಯಲ್ಲಿ ಶಿವನಿಗೆ ಲಿಂಗವಲ್ಲ, ಕುಳಿತ ಮೂರ್ತಿಯೇ ಪೂಜೆಗೊಳ್ಳುತ್ತದೆ. ಇಲ್ಲಿನ ಶಿಲ್ಪಗಳು ಹಿಂದೆಯೇ ಮದ್ರಾಸಿನ ಮ್ಯೂಸಿಯಂ ಸೇರಿವೆ. ಅವುಗಳ ಮೇಲೆ ಸಿ. ಶಿವರಾಮಮೂರ್ತಿಯವರು ಒಂದು ಪುಸ್ತಕವನ್ನೇ ಬರೆದಿದ್ದಾರೆ. ಬೆಂಗಳೂರಿನವರು ಭಾನುವಾರವಾದರೆ ನಂದಿಬೆಟ್ಟಕ್ಕೆ ಓಡುತ್ತಾರೆ. ಬೆಟ್ಟದ ಬುಡದ ಭೋಗನಂದೀಶ್ವರನ ಗುಡಿಯಲ್ಲೂ ಇದೇ ನೊಳಂಬರ ಕೈವಾಡವಿದೆ. ಅವರ ತವರೂರು ಮಾತ್ರ ಶಿರಾದ ಆಚೆ, ಗಡಿ ದಾಟಿದ ಕೂಡಲೇ ಇದ್ದರೂ ಯಾರ ಪಟ್ಟಿಯಲ್ಲೂ ಇಲ್ಲ.

ಲೇಪಾಕ್ಷಿಯದು ಇನ್ನೊಂದು ಕಥೆ. ಅಲ್ಲಿಗೆ ಜನ ಬರುತ್ತಾರೆ. ಸುಮಾರು ಇಪ್ಪತ್ತೇಳು ಅಡಿ ಉದ್ದದ ಏಕಶಿಲಾ ಬಸವಣ್ಣನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ, ತೂಗುವ ಕಂಬದ ಕೆಳಗೆ ಟವೆಲ್ ಎಳೆಯುತ್ತಾರೆ, ಗಂಟೆಯೊಳಗೆ ಬಸ್ಸು ಹತ್ತುತ್ತಾರೆ. ಅಚ್ಯುತದೇವರಾಯನ ಕಾಲದ ಚಾವಣಿಯ ಚಿತ್ರಗಳನ್ನು ಕತ್ತೆತ್ತಿ ನೋಡುವವರೇ ಕಡಿಮೆ. ಗೋಡೆಯ ಮೇಲಿನ ಅಕ್ಷರಗಳ ಕಡೆಗಂತೂ ಯಾರೂ ತಿರುಗುವುದಿಲ್ಲ. 2022ರಲ್ಲಿ ಲೇಪಾಕ್ಷಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು ಎಂದು ನಾವೆಲ್ಲ ಹೆಮ್ಮೆಪಟ್ಟೆವು. ಅಲ್ಲಿನ ಶಾಸನಗಳಲ್ಲಿ ಬಹಳಷ್ಟು ಕನ್ನಡದವು ಎಂಬುದು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು?

ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಮಾಡುವುದು ಬೇಸಾಯ. ನನ್ನ ಕಣ್ಣಿಗೆ ಶಾಸನ ಅಂದರೆ ಆ ಕಾಲದ ಪಹಣಿ. ಗಡಿಯ ಈಚೆಗೆ ನಾವು ಅದನ್ನು ಅಡಂಗಲ್ ಅಂತೀವಿ. ಯಾವ ಊರು, ಎಷ್ಟು ಭೂಮಿ, ಯಾವ ದೇವರಿಗೆ, ಕೊಟ್ಟವರು ಯಾರು ಎಂಬ ಲೆಕ್ಕ ಅದರಲ್ಲಿರುತ್ತದೆ. ಅಡಂಗಲ್ ಕಳೆದುಕೊಂಡ ರೈತನ ಪಾಡು ಏನೆಂದು ನಮಗೆ ಗೊತ್ತು. ನೆಲ ಅವನದೇ, ಆದರೆ ಅವನದೆಂದು ಹೇಳಲು ಕೈಯಲ್ಲಿ ಕಾಗದವಿಲ್ಲ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಮಗುವಿಗೆ ಆ ಕಲ್ಲಿನ ಸುಳಿವೇ ಇಲ್ಲದೆ ಹೋದರೆ ಈ ಸೀಮೆಯ ಕನ್ನಡದ ಪಾಡೂ ಅದೇ. ಇದನ್ನು ತೆಲುಗಿನ ಮೇಲಿನ ಜಗಳ ಎಂದು ಯಾರೂ ತಿಳಿಯಬಾರದು. ನಾನು ಎರಡೂ ಭಾಷೆಯಲ್ಲಿ ಪದ್ಯ ಬರೆಯುವವನು. ಹಳೆಯ ಲಿಪಿ ಎರಡಕ್ಕೂ ಒಂದೇ. ಒಬ್ಬರ ಮಗು ಓದಲು ಕಲಿತರೆ ಇನ್ನೊಬ್ಬರ ಮಗುವೂ ಕಲಿತ ಹಾಗೆ.

ಊರಿನವರ ದೂರೂ ಇದೆ, ಅದನ್ನು ಮುಚ್ಚಿಡಬಾರದು. 1958ರ ಸ್ಮಾರಕ ಕಾಯಿದೆಗೆ 2010ರಲ್ಲಿ ತಿದ್ದುಪಡಿಯಾಯಿತು. ಅದರಂತೆ ಕೇಂದ್ರದ ರಕ್ಷಣೆಯಲ್ಲಿರುವ ಗುಡಿಯ ಸುತ್ತ ನೂರು ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ ಇನ್ನೂರು ಮೀಟರಿಗೂ ಅನುಮತಿ ಬೇಕು. "ಗುಡಿಯಿಂದ ನಮಗೇನು ಬಂತು? ಮನೆ ಕಟ್ಟೋದು ನಿಂತಿತು" ಅಂತ ಜನ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಕಷ್ಟ ಊರಿಗೆ, ಹೆಸರು ಇಲಾಖೆಗೆ ಅಂದರೆ ಯಾರು ಒಪ್ಪುತ್ತಾರೆ?

ಇದಕ್ಕೆ ದಾರಿ ಇಲ್ಲದೆ ಇಲ್ಲ. ಕೆಲವು ವರ್ಷಗಳ ಹಿಂದೆ ನಾವೊಂದಷ್ಟು ರೈತರು ನೇಪಾಳಕ್ಕೆ ಹೋಗಿದ್ದೆವು. ಪಶುಪತಿನಾಥನ ಗರ್ಭಗುಡಿಯಲ್ಲಿ ಕರ್ನಾಟಕ ಮೂಲದ ಭಟ್ಟರ ಪೂಜೆ ಕಂಡು ಎದೆ ಉಬ್ಬಿತು. ಆದರೆ ಪಾಠ ಕಲಿತದ್ದು ಭಕ್ತಪುರದಲ್ಲಿ. ಹೊರದೇಶದವರು ಊರೊಳಗೆ ಬರಬೇಕಾದರೆ ಟಿಕೆಟ್ ಕೊಳ್ಳಬೇಕು. ಆ ದುಡ್ಡು ಊರಿನ ನಗರಸಭೆಗೇ ಸೇರುತ್ತದೆ, ಅದರಿಂದಲೇ ಹಳೆಯ ಗುಡಿಗಳ ರಿಪೇರಿ ನಡೆಯುತ್ತದೆ. 2015ರ ಏಪ್ರಿಲ್ ಭೂಕಂಪದಲ್ಲಿ ಅಲ್ಲಿ ಎಷ್ಟೋ ಗುಡಿಗಳು ಉರುಳಿದವು. ಐದು ಮಾಡಿನ ನ್ಯಾತಪೋಲ ಮಾತ್ರ 1934ರ ಕಂಪನದಲ್ಲಿ ನಿಂತಂತೆ ಆಗಲೂ ನಿಂತಿತು. ಬಿದ್ದವನ್ನು ಊರಿನ ಬಡಗಿಗಳು, ಗಾರೆಯವರೇ ಎಬ್ಬಿಸುತ್ತಿದ್ದರು. ಗುಡಿ ಉಳಿದರೆ ತಮ್ಮ ಮನೆಯ ಒಲೆ ಉರಿಯುತ್ತದೆ ಎಂದು ಅಲ್ಲಿಯ ಜನಕ್ಕೆ ಗೊತ್ತಿದೆ. ದೂರ ಹೋಗಿ ಬಂದವನು ಊರಿಗೆ ತರಬೇಕಾದ್ದು ಇಂಥ ಬುದ್ಧಿಯನ್ನು.

ನಾವು ಕೇಳುವುದು ದೊಡ್ಡದೇನಲ್ಲ. ಹೇಮಾವತಿ, ಲೇಪಾಕ್ಷಿ, ರತ್ನಗಿರಿಗಳಲ್ಲಿ ತೆಲುಗಿನ ಜೊತೆ ಕನ್ನಡದಲ್ಲೂ ಫಲಕ ಹಾಕಲಿ. ಶಾಸನದ ಸಾರ ಅದರಲ್ಲಿ ನಾಲ್ಕು ಸಾಲು ಇರಲಿ. ಊರಿನ ಓದಿದ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು ಗೈಡ್ ಮಾಡಲಿ. ಪ್ರವಾಸಿಗಳಿಂದ ಬರುವ ಹಣದಲ್ಲಿ ಒಂದು ಪಾಲು ಪಂಚಾಯ್ತಿಗೆ ಬರಲಿ. ತುಮಕೂರು, ಶಿರಾ, ಪಾವಗಡದ ಕಡೆಯ ಶಾಲೆಗಳು ವರ್ಷದ ಪ್ರವಾಸದಲ್ಲಿ ಒಂದು ದಿನವನ್ನು ಗಡಿಯ ಈಚೆಗೂ ಇಡಲಿ. ನಮ್ಮ ಮಡಕಶಿರಾ, ಅಮರಾಪುರ, ರೊಳ್ಳದ ಕನ್ನಡ ಶಾಲೆಗಳಿಗೂ ಇದೇ ಮಾತು.

ರೈತ ಬಂಧುಗಳಿಗೂ ಒಂದು ಮಾತಿದೆ. ನೇಗಿಲಿಗೆ ವೀರಗಲ್ಲೋ ಅಕ್ಷರದ ಬಂಡೆಯೋ ಸಿಕ್ಕರೆ ಬದುವಿಗೆ ಹಾಕಬೇಡಿ, ಬಟ್ಟೆ ಒಗೆಯೋ ಕಲ್ಲು ಮಾಡಬೇಡಿ, ನಿಧಿ ಅಂತ ರಾತ್ರಿ ಅಗೆಯುವವರನ್ನು ಹತ್ತಿರ ಸೇರಿಸಬೇಡಿ. ತಹಸೀಲ್ದಾರರಿಗೆ ತಿಳಿಸಿ, ಮಾಸ್ತರರನ್ನು ಕರೆದು ತೋರಿಸಿ. ಶಿವರಾತ್ರಿಗೆ ಸಿದ್ಧೇಶ್ವರನ ಜಾತ್ರೆಗೆ ಹೋಗುವವರು ಹೇಗೂ ಇದ್ದೀರಿ. ಕೈಮುಗಿದ ಮೇಲೆ ಅರ್ಧ ಗಂಟೆ ಹೆಚ್ಚು ನಿಲ್ಲಿ, ಮಕ್ಕಳನ್ನು ಆ ಅಕ್ಷರದ ಕಲ್ಲುಗಳ ಹತ್ತಿರ ಕರೆದುಕೊಂಡು ಹೋಗಿ. ಒಂದು ಅಕ್ಷರ ಗುರುತು ಹಿಡಿದರೂ ಸಾಕು, ಮುಂದಿನ ವರ್ಷ ಅವರೇ ನಿಮ್ಮ ಕೈಹಿಡಿದು ಎಳೆದುಕೊಂಡು ಹೋಗುತ್ತಾರೆ.