ಬಹುಮಾನ ಸಿಗದ ಅಭಿಪ್ರಾಯಗಳು

ಕೆಲವು ತಿಂಗಳ ಹಿಂದೆ ಜಿಲ್ಲಾ ಕೇಂದ್ರವೊಂದರ ಪದವಿ ಕಾಲೇಜಿನವರು ನನ್ನನ್ನು ಪ್ರಬಂಧ ಸ್ಪರ್ಧೆಯ ತೀರ್ಪುಗಾರನಾಗಿ ಆಹ್ವಾನಿಸಿದ್ದರು. ವಿಷಯ: ‘ಯುವಜನರ ಮೇಲೆ ಸಿನಿಮಾ ಮತ್ತು ಟಿ.ವಿ.ಯ ದುಷ್ಪರಿಣಾಮಗಳು’. ನಲವತ್ತಕ್ಕೂ ಹೆಚ್ಚು ಪ್ರಬಂಧಗಳು ಬಂದಿದ್ದವು. ಬಹುತೇಕ ಎಲ್ಲವುಗಳ ಧಾಟಿ ಒಂದೇ: ಮಾಧ್ಯಮವೆಂಬುದು ಎರಡಲಗಿನ ಕತ್ತಿ, ಯುವಪೀಳಿಗೆ ಅಂಧಾನುಕರಣೆಯಲ್ಲಿ ತೊಡಗಿದೆ, ಪಾಲಕರು ಎಚ್ಚರ ವಹಿಸಬೇಕು. ಮೂರು ದಶಕ ಕಡತಗಳನ್ನು ಓದಿದ ನನಗೆ ಈ ಭಾಷೆ ಅಪರಿಚಿತವೇನಲ್ಲ. ಮೇಲಧಿಕಾರಿಗೆ ಏನು ಹಿತವೆಂಬುದನ್ನು ಅರಿತು ಬರೆದ ಟಿಪ್ಪಣಿಯ ಭಾಷೆಯಿದು.

ಬಹುಮಾನ ವಿತರಣೆಯ ನಂತರ ಕಾಫಿ ಕುಡಿಯುತ್ತ ಕೆಲವು ವಿದ್ಯಾರ್ಥಿಗಳೊಡನೆ ಮಾತಿಗಿಳಿದೆ. ಅಲ್ಲಿ ಕೇಳಿದ್ದೇ ಬೇರೆ. ‘ಸಾರ್, ಧಾರಾವಾಹಿಗಳಲ್ಲಿ ಎಲ್ಲರಿಗೂ ಕಂಪನಿ ಇರುತ್ತದೆ, ಆದರೆ ಕೆಲಸ ಮಾಡುವವರೇ ಕಾಣುವುದಿಲ್ಲ. ಸಂಬಳ ಎಷ್ಟೆಂದು ಯಾರೂ ಹೇಳುವುದಿಲ್ಲ’ ಎಂದಳು ಒಬ್ಬ ವಿದ್ಯಾರ್ಥಿನಿ. ಅವಳ ತಾಯಿ ಗಾರ್ಮೆಂಟ್ಸ್ ಕಾರ್ಖಾನೆಯ ಕೆಲಸ ಮುಗಿಸಿ ಬಂದು ರಾತ್ರಿ ಆ ಧಾರಾವಾಹಿಗಳನ್ನೇ ನೋಡುತ್ತಾರಂತೆ. ‘ಅದೆಲ್ಲ ಸುಳ್ಳೆಂದು ಅಮ್ಮನಿಗೂ ಗೊತ್ತು ಸಾರ್. ಆ ಅರ್ಧ ಗಂಟೆ ಮನೆಯಲ್ಲಿ ಯಾರೂ ಅವರನ್ನು ಕರೆಯುವುದಿಲ್ಲ, ಅದಕ್ಕೇ ನೋಡುತ್ತಾರೆ.’ ಇನ್ನೊಬ್ಬ ಹುಡುಗ, ನಾಯಕಿಯ ಬೆನ್ನುಹತ್ತುವ ನಾಯಕನ ಹಾಡುಗಳಿಗೆ ತಾನೂ ಶಿಳ್ಳೆ ಹೊಡೆದವನೇ ಎಂದೂ, ಬಸ್ ನಿಲ್ದಾಣದಲ್ಲಿ ತಂಗಿಗೆ ಅಂಥದೇ ಕಾಟ ಎದುರಾದ ಮೇಲೆ ಅವುಗಳನ್ನು ನೋಡಲಾಗುತ್ತಿಲ್ಲವೆಂದೂ ಹೇಳಿದ. ಮೊಬೈಲ್‌ನಲ್ಲಿ ಪುಕ್ಕಟೆಯಾಗಿ ಸಿಗುವ ವಿಡಿಯೊಗಳ ಬಗ್ಗೆ ಮೂರನೆಯವನ ಮಾತು: ‘ನಾವು ದುಡ್ಡು ಕೊಡುವುದಿಲ್ಲ, ನಿಜ. ಆದರೆ ನಮ್ಮ ಸಮಯವನ್ನೇ ಅವರು ಜಾಹೀರಾತಿನವರಿಗೆ ಮಾರುತ್ತಾರೆ.’ ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದ ನಾನು ಇದನ್ನು ಇಷ್ಟು ಸರಳವಾಗಿ ಹೇಳಲಾರೆ.

ಇದನ್ನೆಲ್ಲ ಏಕೆ ಬರೆಯಲಿಲ್ಲವೆಂದು ಕೇಳಿದೆ. ಮೊದಲು ಮಾತನಾಡಿದ ಹುಡುಗಿ, ‘ನಾನು ಬರೆದಿದ್ದೆ ಸಾರ್’ ಎಂದಳು. ಆಗ ನೆನಪಾಯಿತು. ತಾಯಿ ಟಿ.ವಿ. ನೋಡುವ ಪ್ರಸಂಗದಿಂದ ಆರಂಭವಾಗಿದ್ದ ಪ್ರಬಂಧವೊಂದರ ಅಂಚಿನಲ್ಲಿ ‘ವಿಷಯಾಂತರ’ ಎಂದು ಬರೆದು ಬದಿಗಿಟ್ಟವನು ನಾನೇ.

ಅಂದಿನಿಂದ ಈ ಪ್ರಶ್ನೆ ನನ್ನನ್ನು ಕಾಡುತ್ತಿದೆ. ಮಾಧ್ಯಮಗಳ ಬಗ್ಗೆ ವಿದ್ಯಾರ್ಥಿಗಳು ಏನು ಯೋಚಿಸುತ್ತಾರೆಂದು ನಾವು ನಿಜಕ್ಕೂ ಕೇಳುತ್ತಿದ್ದೇವೆಯೇ, ಅಥವಾ ನಮ್ಮ ಆತಂಕವನ್ನೇ ಅವರ ಕೈಯಲ್ಲಿ ಬರೆಸಿ ಅಂಕ ಕೊಡುತ್ತಿದ್ದೇವೆಯೇ?

ನೋಡುಗರನ್ನು ಕೇಳುವ ಪರಿಪಾಠ ನಮ್ಮಲ್ಲಿ ಇರಲೇ ಇಲ್ಲವೆಂದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ದೂರದರ್ಶನ ಪ್ರಯೋಗವು ಕರ್ನಾಟಕವೂ ಸೇರಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಉದ್ದೇಶಿಸಿತ್ತು. ಕೃಷಿ, ಆರೋಗ್ಯ, ಶಿಕ್ಷಣದ ಕಾರ್ಯಕ್ರಮಗಳನ್ನು ತೋರಿಸಿದ್ದಷ್ಟೇ ಅಲ್ಲ, ಅವುಗಳನ್ನು ಹಳ್ಳಿಗರು ಹೇಗೆ ಗ್ರಹಿಸಿದರೆಂದು ತಿಳಿಯಲು ಸಂಶೋಧಕರು ಹಳ್ಳಿಗಳಲ್ಲೇ ಉಳಿದು ಅಧ್ಯಯನ ನಡೆಸಿದ್ದರು. ಓದುಬರಹ ಬಾರದ ರೈತನ ಅಭಿಪ್ರಾಯಕ್ಕೆ ಅಂದು ದೊರೆತ ಬೆಲೆ ಇಂದಿನ ಪದವಿ ವಿದ್ಯಾರ್ಥಿಗೆ ದೊರೆಯಬಾರದೇ?

ಹಿರಿಯರ ಆತಂಕ ಎಷ್ಟೋ ಸಲ ತಪ್ಪಾಗಿದೆ ಎಂಬುದನ್ನೂ ಮರೆಯಬಾರದು. 1970ರ ‘ಸಂಸ್ಕಾರ’ ಚಿತ್ರಕ್ಕೆ ಮೊದಲು ಸೆನ್ಸಾರ್ ಅನುಮತಿ ನಿರಾಕರಿಸಲಾಗಿತ್ತು. ಮುಂದೆ ಅದೇ ಚಿತ್ರ ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಅಂದು ಅಪಾಯಕಾರಿ ಎನಿಸಿದ್ದನ್ನು ಇಂದು ಅಭಿಮಾನದಿಂದ ಸ್ಮರಿಸುತ್ತೇವೆ.

ಹಾಗೆಂದು ದುಷ್ಪರಿಣಾಮಗಳೇ ಇಲ್ಲವೆಂಬುದು ನನ್ನ ವಾದವಲ್ಲ. ಕಣ್ಣು ಕೀಳದಂತೆ ಒಂದರ ಹಿಂದೊಂದು ಬರುವ ಕಿರು ವಿಡಿಯೊಗಳು ಓದನ್ನೂ ನಿದ್ದೆಯನ್ನೂ ಕಸಿಯುತ್ತಿರುವುದನ್ನು ನನ್ನ ಮನೆಯಲ್ಲೇ ಕಾಣುತ್ತಿದ್ದೇನೆ. ಆದರೆ ಇದಕ್ಕೆ ಪರಿಹಾರ ಉಪದೇಶವಲ್ಲ. ಯಾವ ದೃಶ್ಯ ಯಾರಿಗಾಗಿ, ಯಾರ ಹಣದಿಂದ, ಏನನ್ನು ಮರೆಮಾಚಿ ತಯಾರಾಗಿದೆ ಎಂದು ಕೇಳಬಲ್ಲ ವಿವೇಕವೇ ಪರಿಹಾರ. ಆ ವಿವೇಕದ ಬೀಜ ನಾನು ಕಂಡ ವಿದ್ಯಾರ್ಥಿಗಳಲ್ಲಿ ಆಗಲೇ ಇತ್ತು. ಅದಕ್ಕೆ ನೀರೆರೆಯುವ ವ್ಯವಸ್ಥೆ ಮಾತ್ರ ಇರಲಿಲ್ಲ.

ಅಂಥ ವ್ಯವಸ್ಥೆ ಸಿಕ್ಕಾಗ ಏನಾಗಬಹುದೆಂಬುದಕ್ಕೆ ನಿದರ್ಶನವೂ ಇದೆ. ವೈದ್ಯಕೀಯ ಓದಿ, ನಂತರ ಪುಣೆಯ ಚಲನಚಿತ್ರ ಸಂಸ್ಥೆಯ ವಿದ್ಯಾರ್ಥಿಯಾದ ಕನ್ನಡಿಗ ಚಿದಾನಂದ ಎಸ್. ನಾಯ್ಕ್ ಅವರು ಅಜ್ಜಿಯೊಬ್ಬಳು ಹುಂಜ ಕದಿಯುವ ಜನಪದ ಕಥೆಯನ್ನು ಆಧರಿಸಿ ಮಾಡಿದ ಕನ್ನಡ ಕಿರುಚಿತ್ರವು 2024ರ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಗಳಿಸಿತು. ಎಲ್ಲರೂ ನಿರ್ದೇಶಕರಾಗಬೇಕಿಲ್ಲ. ಆದರೆ ಎಲ್ಲರೂ ಪ್ರೇಕ್ಷಕರಂತೂ ಹೌದು.

ದುಬಾರಿ ಯೋಜನೆಯೇನೂ ಬೇಕಿಲ್ಲ. ಪ್ರೊಜೆಕ್ಟರ್ ಇರುವ ಕೊಠಡಿಯಲ್ಲಿ ತಿಂಗಳಿಗೊಂದು ಚಿತ್ರ, ಬಳಿಕ ಒಂದು ಗಂಟೆಯ ಮುಕ್ತ ಚರ್ಚೆ ಸಾಕು. ಆ ಒಂದು ಗಂಟೆ ಅಧ್ಯಾಪಕರು ಭಾಷಣ ಮಾಡದೆ ಕೇಳಿಸಿಕೊಳ್ಳಬೇಕು, ಇಷ್ಟೇ ಷರತ್ತು. ಆರ್ಥಿಕ ಇಲಾಖೆ ಕೂಡ ಇದಕ್ಕೆ ಆಕ್ಷೇಪ ಎತ್ತಲಾರದು. ಹದಿನೆಂಟು ತುಂಬಿದವರಿಗೆ ಸರ್ಕಾರವನ್ನೇ ಆರಿಸುವ ಹಕ್ಕು ಕೊಟ್ಟಿದ್ದೇವೆ. ಒಂದು ಧಾರಾವಾಹಿಯ ಬಗ್ಗೆ ಅವರ ಪ್ರಾಮಾಣಿಕ ಅಭಿಪ್ರಾಯ ಕೇಳಲು ಹಿಂಜರಿಕೆ ಏಕೆ?

ಅದೇ ಕಾಲೇಜಿನಿಂದ ಮತ್ತೆ ಆಹ್ವಾನ ಬಂದಿದೆ. ಒಪ್ಪಿದ್ದೇನೆ. ವಿಷಯವನ್ನು ಮಾತ್ರ ಬದಲಿಸುವಂತೆ ಕೋರಿದ್ದೇನೆ: ‘ನಮ್ಮ ಮನೆಯಲ್ಲಿ ಟಿ.ವಿ. ನೋಡುವವರು ಯಾರು, ಏಕೆ?’ ಈ ಸಲ ಆ ಹುಡುಗಿ ಬರೆದರೆ ‘ವಿಷಯಾಂತರ’ ಎನ್ನುವ ಅವಕಾಶ ಯಾವ ತೀರ್ಪುಗಾರನಿಗೂ ಇರಬಾರದು.